ಬಿಲ್ಲಿನ ಮೀಟರಿಗೊಂದು ನ್ಯಾಯ, ಪ್ಯಾನೆಲ್ ಮೀಟರಿಗೊಂದು

ಕಾರ್ಖಾನೆಗೆ ಬರುವ ವಿದ್ಯುತ್ತನ್ನು ಲೆಕ್ಕ ಹಾಕುವ ಮೀಟರಿನ ಮೇಲೆ ಎಲ್ಲರ ಕಣ್ಣು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ನಿಯಮಗಳ ಪ್ರಕಾರ, 650 ವೋಲ್ಟ್‌ವರೆಗಿನ ಗ್ರಾಹಕರ ಮೀಟರ್ ಕನಿಷ್ಠ 1.0 ನಿಖರತಾ ದರ್ಜೆಯದ್ದಾಗಿರಬೇಕು, ಐದು ವರ್ಷಕ್ಕೊಮ್ಮೆಯಾದರೂ ಪರೀಕ್ಷೆಗೆ ಒಳಗಾಗಬೇಕು. ಸೀಲು ಒಡೆದರೆ ಕೇಸು. ಗೋಡೆಯಾಚೆ ಪ್ಯಾನೆಲ್ ಬೋರ್ಡಿನಲ್ಲಿ ಕೂತ ಆಮ್ಮೀಟರ್, ವೋಲ್ಟ್‌ಮೀಟರುಗಳನ್ನು ಮಾತ್ರ ಕೇಳುವವರಿಲ್ಲ. ಎಲೆಕ್ಟ್ರಿಷಿಯನ್ ಮೋಟಾರನ್ನು ಓಡಿಸುವುದೂ ನಿಲ್ಲಿಸುವುದೂ ಇವುಗಳನ್ನು ನಂಬಿಯೇ. ದುಡ್ಡಿನ ಮೀಟರಿಗೆ ಇಷ್ಟು ಕಾವಲು, ಕೆಲಸಗಾರನ ಮೀಟರಿಗೆ ಏನೂ ಇಲ್ಲ ಎಂಬುದು ನಾಚಿಕೆಗೇಡು.

ಮಾನಕ ಇಲ್ಲವೆಂದು ಯಾರೂ ನೆಪ ಹೇಳುವಂತಿಲ್ಲ. ಮುಳ್ಳಿನ ಮೀಟರುಗಳಿಗೆ ಐಎಸ್ 1248 ದಶಕಗಳಿಂದ ಇದೆ. ಅದನ್ನು ಓದುವವರು ಕಡಿಮೆ. ದರ್ಜೆ 1.5 ಎಂದರೆ ಸಾಮಾನ್ಯವಾಗಿ ಪೂರ್ಣ ಅಳತೆಯ ಶೇ 1.5. ಅಂದರೆ 400 ಆಂಪಿಯರ್‌ವರೆಗಿನ ಮೀಟರ್ ಎಲ್ಲಿ ಬೇಕಾದರೂ 6 ಆಂಪಿಯರ್ ತಪ್ಪಬಹುದು. ಲೋಡ್ 40 ಆಂಪಿಯರ್ ಆಗಿದ್ದರೆ ಆ ತಪ್ಪು ಶೇ 15. 'ಮುಂದೆ ಬೇಕಾದೀತು' ಎಂದು ದೊಡ್ಡ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್), ದೊಡ್ಡ ಮೀಟರ್ ಹಾಕಿಸುವ ಮಾಲೀಕರಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲ. ಸಿ.ಟಿ.ಯ ತಪ್ಪು ಇದರ ಮೇಲೆ ಬೇರೆ.

ಮೋಟಾರಿನ ವೇಗ ಬದಲಿಸುವ ಡ್ರೈವ್‌ಗಳು ಬಂದ ಮೇಲೆ ಪಾಡು ಇನ್ನೂ ಕೆಟ್ಟಿದೆ. ಅಗ್ಗದ ಕ್ಲಾಂಪ್ ಮೀಟರ್ ಅಲೆ ನಯವಾದ ಸೈನ್ ಎಂದುಕೊಂಡು, ಸರಾಸರಿಯನ್ನು 1.11ರಿಂದ ಗುಣಿಸಿ ತೋರಿಸುತ್ತದೆ. ಡ್ರೈವ್ ಎಳೆಯುವ ಕರೆಂಟು ಹಾಗಿರುವುದಿಲ್ಲ. ಮೀಟರ್ ಶೇ 30ರಷ್ಟು ಕಡಿಮೆ ಹೇಳಿದರೂ ಅಚ್ಚರಿಯಿಲ್ಲ. ಕೇಬಲ್ ಬಿಸಿಯಾಗುವುದು ನಿಜವಾದ ಆರ್‌ಎಂಎಸ್ ಕರೆಂಟಿಗೆ, ಮೀಟರ್ ಹೇಳಿದ್ದಕ್ಕಲ್ಲ.

ತಪ್ಪಿತಸ್ಥರು ಯಾರು? ಮೊದಲು ಸರ್ಕಾರಿ ಟೆಂಡರು. 'ದರ್ಜೆ 1' ಎಂದು ಬರೆದು, ಟೈಪ್ ಟೆಸ್ಟ್ ವರದಿ ಕೇಳದೆ, ಕಡಿಮೆ ಬೆಲೆಯವನಿಗೆ ಕೊಡುವುದು. ನಂತರ, ಆಡಿಟರ್ ಬರುವ ಹಿಂದಿನ ವಾರ ಸ್ಟಿಕ್ಕರ್ ಅಂಟಿಸಿ ಅದನ್ನೇ ಕ್ಯಾಲಿಬ್ರೇಷನ್ ಎನ್ನುವ ಕಾರ್ಖಾನೆ. ಕ್ಯಾಲಿಬ್ರೇಷನ್ ಖರ್ಚಿನ ಗೋಳು ಬೇಡ. ಸುಟ್ಟ ಒಂದು ಮೋಟಾರಿನ ರೀವೈಂಡಿಂಗ್ ಬಿಲ್ಲು ನೋಡಿದವರಿಗೆ ಯಾವುದು ದುಬಾರಿ ಎಂದು ಗೊತ್ತು. ಸೌಲಭ್ಯವಿಲ್ಲ ಎಂಬ ಮಾತೂ ಬೇಡ. 1960ರಿಂದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಇದೆ, ಪೀಣ್ಯಕ್ಕೆ ಅದೇನೂ ದೂರವಲ್ಲ.

ವಿದ್ಯುತ್ ಪರಿವೀಕ್ಷಣಾಲಯದವರು ಅರ್ಥಿಂಗ್ ನೋಡಲು ಬಂದಾಗ ಪ್ಯಾನೆಲ್ ಮೀಟರುಗಳ ಕ್ಯಾಲಿಬ್ರೇಷನ್‌ಗೆ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಪ್ರಮಾಣಪತ್ರವನ್ನೂ ಕೇಳಲಿ. ಅದಿಲ್ಲದ ಕಾರ್ಖಾನೆಯ ವರದಿಗೆ ಸಹಿ ಬೀಳಬಾರದು.