ಗುರುವಿನ ಹೆಸರಿನ ಶಾಲೆ

ಖಿದಿರ್‌ಪುರವೆಂದೊಡನೆ ಕಣ್ಣಮುಂದೆ ಬರುವುದು ಹಡಗುಕಟ್ಟೆ, ಲಾರಿಗಳ ಸಾಲು, ಸಂತೆಯ ಗದ್ದಲ. ಇಲ್ಲಿಂದ ದಕ್ಷಿಣಕ್ಕೆ ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಮಾಝೇರ್‌ಹಾಟ್ ಸೇತುವೆಯನ್ನು ದಾಟಿ ಮುಂದುವರಿದರೆ ಬೆಹಾಲಾ ಸಿಗುತ್ತದೆ. ಅಲ್ಲಿನ ಆಕ್ಸ್‌ಫರ್ಡ್ ಮಿಷನ್ನಿನ ಆವರಣದಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ಸಂಘದ ಬಂಧುಗಳು ಅವಶ್ಯವಾಗಿ ತಿಳಿಯಬೇಕೆಂಬುದು ನನ್ನ ಅಭಿಪ್ರಾಯ.

ಫಾದರ್ ಥಿಯೋಡರ್ ಮ್ಯಾಥಿಸನ್ ಎಂಬ ಪಾದ್ರಿಗಳು ಅಲ್ಲಿನ ಬಡ ಹುಡುಗರಿಗೆ ಪಿಟೀಲು, ಚೆಲೋ ಮೊದಲಾದ ತಂತಿವಾದ್ಯಗಳನ್ನು ಕಲಿಸಿ ಒಂದು ವಾದ್ಯವೃಂದವನ್ನೇ ಕಟ್ಟಿದರು. ಅವರ ಶಿಷ್ಯರಲ್ಲೊಬ್ಬರಾದ ಅನೂಪ್ ಕುಮಾರ್ ಬಿಸ್ವಾಸ್ ಲಂಡನ್ನಿಗೆ ತೆರಳಿ ಚೆಲೋ ವಾದಕರಾಗಿ ಖ್ಯಾತರಾದರು. ಆದರೆ ಅವರು ತಮ್ಮ ಊರನ್ನು ಮರೆಯಲಿಲ್ಲ. 1994ರಲ್ಲಿ ಕಲ್ಕತ್ತೆಯ ಬಡಮಕ್ಕಳಿಗಾಗಿ ಒಂದು ಸಂಗೀತ ಶಾಲೆಯನ್ನು ಸ್ಥಾಪಿಸಿ ಅದಕ್ಕೆ ಗುರುವಿನ ಹೆಸರನ್ನಿಟ್ಟರು. ಗುರುಋಣವನ್ನು ತೀರಿಸುವ ಬಗೆ ಇದಕ್ಕಿಂತ ಬೇರೊಂದುಂಟೆ?

ಪಾಶ್ಚಾತ್ಯ ಸಂಗೀತದ ಗೊಡವೆ ಕನ್ನಡಿಗರಿಗೇಕೆ ಎಂದು ಕೆಲವರು ಕೇಳಬಹುದು. ಪಿಟೀಲೂ ಹೊರಗಿನಿಂದ ಬಂದ ವಾದ್ಯವೇ. ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು; ನಮ್ಮ ಮೈಸೂರು ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಅಧ್ಯಕ್ಷ ಪದವಿಯು ಒಲಿದದ್ದು ಮೈಸೂರಿನ ಜಯಚಾಮರಾಜ ಒಡೆಯರಿಗೆ. ನಾದಕ್ಕೆ ಗಡಿಯಿಲ್ಲವೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಾವು ರಾಜ್ಯೋತ್ಸವಕ್ಕೆ ಊರಿನಿಂದ ವಿದ್ವಾಂಸರನ್ನು ಕರೆಸಿ, ಶಾಲು ಹೊದಿಸಿ, ಫಲತಾಂಬೂಲವಿತ್ತು ರೈಲು ಹತ್ತಿಸುತ್ತೇವೆ. ಮರುದಿನದಿಂದ ಮುಂದಿನ ನವೆಂಬರ್‌ವರೆಗೆ ಮೌನ. ಉತ್ಸವದಿಂದ ಶ್ರೋತೃಗಳು ಸೇರಿಯಾರು. ಸಂಗೀತಗಾರರು ಹುಟ್ಟುವುದು ವಾರವಾರದ ಪಾಠದಿಂದ ಮಾತ್ರ. ಪರದೆಯ ಮೇಲೆ ಕಲಿಯಬಹುದಲ್ಲ ಎನ್ನುವವರಿದ್ದಾರೆ. ಚೆಲೋ ಆಗಲಿ ಪಿಟೀಲಾಗಲಿ, ತಪ್ಪು ಭಂಗಿಯಲ್ಲಿ ದೀರ್ಘಕಾಲ ಸಾಧನೆ ಮಾಡಿದರೆ ಭುಜ, ಮಣಿಕಟ್ಟು, ಬೆನ್ನು ನೋವಿಗೀಡಾಗುತ್ತವೆ. ಮೊಣಕೈಯನ್ನು ಹಿಡಿದು ತಿದ್ದುವ ಗುರುವು ಪಕ್ಕದಲ್ಲೇ ಇರಬೇಕು.

ಈ ಮಾತನ್ನು ಹೇಳುವ ನಾನೇನೂ ನಿರ್ದೋಷಿಯಲ್ಲ. ತೀರ್ಥರೂಪರ ಪಿಟೀಲು ನಮ್ಮ ಮನೆಯ ಅಟ್ಟದಲ್ಲಿ ತಂತಿ ಕಳಚಿ ಮಲಗಿದೆ. ಮಗಳು ಒಮ್ಮೆ ಅದನ್ನು ಕೇಳಿದಾಗ, ‘ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ’ ಎಂದೆ. ಪರೀಕ್ಷೆಗಳು ಮುಗಿದವು, ಆಕೆ ಮತ್ತೆ ಕೇಳಲಿಲ್ಲ.

ಆದುದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಪ್ರತಿ ಭಾನುವಾರ ಬೆಳಿಗ್ಗೆ ಎರಡು ಗಂಟೆಗಳ ಕಾಲ ಪಾಠಕ್ಕೆಂದು ಸ್ಥಳವೊಂದನ್ನು ಒದಗಿಸಲಿ. ನಮ್ಮಲ್ಲಿ ಹಾಡಬಲ್ಲ, ನುಡಿಸಬಲ್ಲ ಹಿರಿಯರಿದ್ದಾರೆ, ಅವರು ಕಲಿಸಲಿ. ನೆರೆಯ ಬಂಗಾಳಿ ಮಕ್ಕಳಿಗೂ ಬಾಗಿಲು ತೆರೆದಿರಲಿ. ಅಟ್ಟದ ಮೇಲಿರುವ ವಾದ್ಯಗಳು ಕೆಳಗಿಳಿಯಲಿ. ಮೊದಲನೆಯದಾಗಿ ನಮ್ಮ ಮನೆಯ ಪಿಟೀಲನ್ನು, ಹೊಸ ತಂತಿಗಳನ್ನು ಹಾಕಿಸಿ, ನಾನೇ ತಂದೊಪ್ಪಿಸುತ್ತೇನೆ.