ನಮ್ಮ ಹೆಣ್ಣುಮಕ್ಕಳೂ ಅನ್ವಯಿಕ ಅರ್ಥಶಾಸ್ತ್ರವೂ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮ ಕೊಠಡಿಯ ಮುಂದಿನ ಬೆಂಚುಗಳು ತಾಯಿತಂದೆಗಳಿಂದ ತುಂಬಿಹೋಗುವುದು ಪ್ರತಿವರ್ಷದ ವಾಡಿಕೆಯು. ಹೆಚ್ಚು ಅಂಕಗಳನ್ನು ಪಡೆದವಳಿಗೆ ವಿಜ್ಞಾನ, ಅವಳಿಗಿಂತ ಕಡಮೆಯವಳಿಗೆ ವಾಣಿಜ್ಯ, ಉಳಿದವಳಿಗೆ ಇತಿಹಾಸ, ಅರ್ಥಶಾಸ್ತ್ರಗಳೆಂದು ಮನೆಯಲ್ಲಿಯೇ ಹಂಚಿಕೆಯಾಗಿರುತ್ತದೆ. "ಇವಳಿಗೆ ಲೆಕ್ಕ ಹತ್ತುವುದಿಲ್ಲ, ಟೀಚರಮ್ಮ, ಎಕನಾಮಿಕ್ಸ್ ಓದಿಕೊಂಡಿರಲಿ" ಎಂಬ ಮಾತನ್ನು ನಾವು ಎಷ್ಟು ಸಲ ಕೇಳಿರುವೆವೋ! ಈ ಒಂದು ಮಾತಿನಲ್ಲಿ ಎರಡು ತಪ್ಪುಗಳಿವೆ. ಅರ್ಥಶಾಸ್ತ್ರಕ್ಕೆ ಲೆಕ್ಕವು ಬೇಡವೆಂಬುದು ಮೊದಲನೆಯದು. ಅದು ಬೇರೆ ದಾರಿ ಕಾಣದವರ ತಂಗುದಾಣವೆಂಬುದು ಎರಡನೆಯದು. ಇವೆರಡನ್ನೂ ಸ್ನೇಹಭಾವದಿಂದ ತೋರಿಸಿಕೊಡುವುದೇ ಈ ಲೇಖನದ ಉದ್ದೇಶವು.

ಬೆಲೆ ಏರಿದರೆ ಕೊಳ್ಳುವವರು ಕಡಮೆಯಾಗುವರೆಂಬುದು ಶಾಸ್ತ್ರದ ಸಾಮಾನ್ಯ ಸೂತ್ರ. ಹಾಲಿನ ಬೆಲೆಯು ಲೀಟರಿಗೆ ಎರಡು ರೂಪಾಯಿ ಏರಿದರೆ ಯಾವ ಮನೆಯ ಮಗುವಿನ ಲೋಟವು ಚಿಕ್ಕದಾಗುವುದೆಂದು ವಿಚಾರಿಸಿ, ಅಳೆದು, ಉತ್ತರ ಹೇಳುವುದು ಅನ್ವಯಿಕ ಅರ್ಥಶಾಸ್ತ್ರ. ನಮ್ಮ ರಾಜ್ಯದಲ್ಲಿ 2023ನೆಯ ಜೂನ್ 11ರಂದು ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವು ಆರಂಭವಾಯಿತು. ಎಷ್ಟು ಮಂದಿ ಪ್ರಯಾಣ ಮಾಡಿದರೆಂದು ಎಣಿಸುವುದು ಸುಲಭ. ಆದರೆ ಒಬ್ಬ ತಾಯಿಯು ದೂರದೂರಿನಲ್ಲಿ ಕೆಲಸಕ್ಕೆ ಸೇರಿದ್ದು ಈ ಬಸ್ಸಿನಿಂದಲೋ, ಅಥವಾ ಅದೇ ವರ್ಷ ಅಲ್ಲೊಂದು ಕಾರ್ಖಾನೆಯು ತೆರೆದುದರಿಂದಲೋ? ಇದಕ್ಕಾಗಿ ತಗಲುವ ಹಣವನ್ನು ಬೇರೆಯದಕ್ಕೆ ವಿನಿಯೋಗಿಸಿದ್ದರೆ ಏನು ಫಲವಾಗುತ್ತಿತ್ತು? ಹೊಗಳುವವರಿಗೂ ತೆಗಳುವವರಿಗೂ ಈ ಪ್ರಶ್ನೆಗಳು ಬೇಕಾಗಿಲ್ಲ, ವಿದ್ಯಾರ್ಥಿನಿಗೆ ಬೇಕು.

ಇಂತಹ ಪ್ರಶ್ನೆಗೆ ಉತ್ತರ ದೊರೆಯುವ ಬಗೆಗೆ ಒಂದು ಉದಾಹರಣೆಯನ್ನು ಕೊಡುವೆವು. 1992ರಲ್ಲಿ ಅಂಗೀಕೃತವಾದ ಸಂವಿಧಾನದ 73ನೆಯ ತಿದ್ದುಪಡಿಯಿಂದ ಗ್ರಾಮ ಪಂಚಾಯತಿಗಳ ಅಧ್ಯಕ್ಷಸ್ಥಾನಗಳಲ್ಲಿಯೂ ಮೂರರಲ್ಲೊಂದು ಭಾಗವು ಸ್ತ್ರೀಯರಿಗೆ ಮೀಸಲಾಯಿತು. ಯಾವ ಪಂಚಾಯತಿಗೆ ಯಾವಾಗ ಈ ಮೀಸಲಾತಿ ಬರಬೇಕೆಂಬುದು ಸರದಿಯಿಂದ ಗೊತ್ತಾಗುವುದೇ ಹೊರತು ಊರಿನವರ ಇಷ್ಟದಿಂದಲ್ಲ. ಆದುದರಿಂದ ಮೀಸಲಾದ ಊರುಗಳನ್ನೂ ಆಗದ ಊರುಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿನೋಡಲು ಸಾಧ್ಯವಾಯಿತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಎಂಬವರು ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ಹೀಗೆ ತೂಗಿ, 2004ರಲ್ಲಿ ಪ್ರಕಟಿಸಿದರು. ಸ್ತ್ರೀಯು ಅಧ್ಯಕ್ಷಳಾದ ಕಡೆಗಳಲ್ಲಿ ಕುಡಿಯುವ ನೀರಿಗಾಗಿ ಹೆಚ್ಚು ಕೆಲಸಗಳು ನಡೆದಿದ್ದುವು. ನೀರು ಹೊರುವವಳಿಗೆ ನೀರಿನ ಬೆಲೆ ಗೊತ್ತೆಂಬುದು ಹಳೆಯ ಸಂಗತಿಯೇ ಸರಿ. ಆದರೆ ಅದನ್ನು ಲೆಕ್ಕದಿಂದ ಸ್ಥಾಪಿಸಿದುದು ಹೊಸತು. ಡುಫ್ಲೋ ಅವರು 2019ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

ಮತ್ತೊಂದನ್ನು ನೋಡಿರಿ. ತನ್ನ ಮನೆಗೆಲಸದವಳನ್ನೇ ಒಬ್ಬನು ಮದುವೆಯಾದರೆ ದೇಶದ ವರಮಾನವು ಅಷ್ಟರಮಟ್ಟಿಗೆ ಇಳಿದಂತೆ ಲೆಕ್ಕದಲ್ಲಿ ಕಾಣುವುದೆಂಬ ವಿಪರೀತವನ್ನು ಪಿಗೂ ಎಂಬ ಆಂಗ್ಲ ಪಂಡಿತರು 1920ರಲ್ಲಿಯೇ ತೋರಿಸಿದ್ದರು. ಕೆಲಸವು ಅದೇ, ಸಂಬಳ ಮಾತ್ರ ನಿಂತಿತು! ನಮ್ಮ ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕಾಗಿ ವ್ಯಯಮಾಡುತ್ತಿದ್ದರು. ಹಾಗೆ ತೊಡಗಿದ ಪುರುಷರು 97 ನಿಮಿಷಗಳನ್ನು. ಅಡಿಗೆಮನೆಯ ಶ್ರಮವನ್ನು ಬಲ್ಲ ನಮ್ಮ ಹುಡುಗಿಯರೇ ಲೆಕ್ಕ ಬರೆಯುವ ಮೇಜಿನ ಬಳಿಯಲ್ಲಿಯೂ ಕುಳಿತರೆ, ಲೆಕ್ಕಕ್ಕೆ ಬಾರದ ಇಂತಹ ಎಷ್ಟೋ ವಿಷಯಗಳು ಬೆಳಕಿಗೆ ಬಂದಾವು.

ಆದರೆ ಆ ಮೇಜಿನ ಬಳಿಗೆ ಹೋಗಲು ಗಣಿತವು ಬೇಕು. ಪದವಿ ತರಗತಿಗಳಲ್ಲಿ ಈ ವಿಷಯವನ್ನು ಓದುವವಳು ಸಂಖ್ಯಾಶಾಸ್ತ್ರವನ್ನೂ, ಅದರಿಂದ ಕಾರಣ ಕಾರ್ಯಗಳನ್ನು ಬಿಡಿಸಿ ನೋಡುವ ಎಕನಾಮೆಟ್ರಿಕ್ಸನ್ನೂ ಕಲಿಯಬೇಕಾಗುವುದು. ಇಲ್ಲಿ ನಮ್ಮ ತಪ್ಪನ್ನೂ ನಾವು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಬುದ್ಧಿವಂತೆಯಾದ ಹುಡುಗಿಯು ಅರ್ಥಶಾಸ್ತ್ರವನ್ನು ಬಯಸಿದಾಗ, "ಹಾಗಾದರೆ ನಿನಗೆ ಗಣಿತದ ಹೊರೆಯೇಕೆ?" ಎಂದು ಅದನ್ನು ಬಿಡಿಸಿದವರು ನಾವೇ. ಬಿ.ಎ. ತರಗತಿಯಲ್ಲಿ ಒಳ್ಳೆಯ ಹೆಸರು ಪಡೆದ ಆಕೆಯು ಎಂ.ಎ. ಪ್ರವೇಶ ಪರೀಕ್ಷೆಯಲ್ಲಿ ಗಣಿತದ ಪ್ರಶ್ನೆಗಳ ಮುಂದೆ ನಿಂತುಬಿಟ್ಟಳು. ಎರಡು ವರ್ಷ ತಾನೊಬ್ಬಳೇ ಕುಳಿತು ಕಲಿತು, ಮೂರನೆಯ ಸಲ ಉತ್ತೀರ್ಣಳಾದಳು. ನಮ್ಮನ್ನು ಕಾಣಬಂದಾಗ ದೂರಿನ ಒಂದು ಮಾತನ್ನೂ ಆಡಲಿಲ್ಲ. "ಈಗಿನ ಮಕ್ಕಳಿಗೆ ಮೊದಲೇ ಹೇಳಿಬಿಡಿ, ಟೀಚರ್" ಎಂದಷ್ಟೇ ಹೇಳಿದಳು. ಆ ಎರಡು ವರ್ಷಗಳ ಸಾಲವು ನಮ್ಮ ಮೇಲಿದೆ. ಈ ಲೇಖನವು ಅದರ ಒಂದು ಕಂತು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಗಳು ಅರ್ಥಶಾಸ್ತ್ರವನ್ನು ಆರಿಸಿದರೆ, ಪಿ.ಯು.ಸಿ.ಯಲ್ಲಿ ಗಣಿತವನ್ನಾಗಲಿ, ವಾಣಿಜ್ಯ ವಿಭಾಗದಲ್ಲಿ ದೊರೆಯುವ ಬೇಸಿಕ್ ಮ್ಯಾಥಮೆಟಿಕ್ಸ್, ಸಂಖ್ಯಾಶಾಸ್ತ್ರಗಳನ್ನಾಗಲಿ ಬಿಡಿಸಬೇಡಿರಿ. ಕಾಲೇಜಿಗೆ ಸೇರಿಸುವಾಗ ಕಟ್ಟಡವನ್ನು ಮಾತ್ರ ನೋಡದೆ, ಅಲ್ಲಿ ವಿದ್ಯಾರ್ಥಿಗಳು ಹಳ್ಳಿಗೋ ಮಾರುಕಟ್ಟೆಗೋ ಹೋಗಿ ಸ್ವತಃ ಅಂಕಿಅಂಶಗಳನ್ನು ಸಂಗ್ರಹಿಸುವರೇ ಎಂದು ಕೇಳಿರಿ. ಉದ್ಯೋಗದ ಚಿಂತೆಯುಳ್ಳವರಿಗೆ ಬ್ಯಾಂಕುಗಳೂ, ಸಂಶೋಧನಾಲಯಗಳೂ, ಸ್ನಾತಕೋತ್ತರ ಪದವಿಯ ಬಳಿಕ 1961ರಲ್ಲಿ ಸ್ಥಾಪಿತವಾದ ಭಾರತೀಯ ಆರ್ಥಿಕ ಸೇವೆಯೂ ಇವೆ.

ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಬೆಳಗಿನ ಪ್ರಾರ್ಥನಾಕೂಟದಲ್ಲಿ ಕೇಳಿದ ಗುಣವತಿಯಾದ ಸ್ತ್ರೀಯ ವರ್ಣನೆಯು ನಿಮಗೆ ನೆನಪಿರಬಹುದು. ಅವಳು ಮನೆವಾರ್ತೆಯನ್ನಷ್ಟೇ ನೋಡಿಕೊಂಡವಳಲ್ಲ. ಹೊಲವನ್ನು ಪರೀಕ್ಷಿಸಿ ಕೊಂಡಳು, ದುಡಿದ ಹಣದಿಂದ ತೋಟವನ್ನು ಹಾಕಿಸಿದಳು, ಬಡವರಿಗೂ ಕೈನೀಡಿದಳು. ಲೆಕ್ಕವೂ ಕರುಣೆಯೂ ಒಬ್ಬಳಲ್ಲಿಯೇ ಕೂಡಿದ್ದುವು. ಅಂತಹವರು ನಮ್ಮ ಶಾಲೆಯಿಂದ ಹೊರಡುವಂತೆ ದೇವರು ಅನುಗ್ರಹಿಸಲಿ.