ಟೆಂಟ್ ಹಾಕಲು ಬಿಡಿ, ಲೆಕ್ಕ ಇಟ್ಟು ಬಿಡಿ

ಹುಣ್ಣಿಮೆಯ ದಿನವೇ ಹೋಗಬೇಕು ಎಂದು ಹಟ ಹಿಡಿದವನು ನಾನೇ. ಕಳೆದ ಡಿಸೆಂಬರ್‌ನಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನ ನಾವು ಐದು ಜನ ಗೆಳೆಯರು ಹುಬ್ಬಳ್ಳಿಯಿಂದ ಬಸ್ ಹತ್ತಿ, ಯಲ್ಲಾಪುರ, ಅಂಕೋಲಾ ದಾಟಿ ಗೋಕರ್ಣಕ್ಕೆ ಹೋದೆವು. ಸೀನಿಯರ್ ಒಬ್ಬನಿಂದ ಕಡ ತಂದ ಎರಡು ಟೆಂಟು, ಹಾಸ್ಟೆಲ್‌ನ ಬೆಡ್‌ಶೀಟು, ಒಂದು ಸಣ್ಣ ಗ್ಯಾಸ್ ಸ್ಟೋವ್, ಹತ್ತು ಪ್ಯಾಕೆಟ್ ನೂಡಲ್ಸ್. ಇದಿಷ್ಟೇ ನಮ್ಮ ಆಸ್ತಿ. ರೆಸಾರ್ಟ್ ಎಂದರೆ ಒಂದು ರಾತ್ರಿಗೆ ತಿಂಗಳ ಮೆಸ್ ಬಿಲ್ ಹೋಗುತ್ತದೆ. ಟೆಂಟ್ ಆದರೆ ಬಸ್ ಚಾರ್ಜು, ಊಟ ಎಲ್ಲ ಸೇರಿ ತಲೆಗೆ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ.

ಗೋಕರ್ಣಕ್ಕೆ ಹೋದವರಿಗೆ ಗೊತ್ತು. ಊರಿನ ದಕ್ಷಿಣಕ್ಕೆ ಕುಡ್ಲೆ, ಆಮೇಲೆ ಓಂ ಬೀಚ್. ಓಂವರೆಗೆ ಆಟೊ, ಕಾರು ಎಲ್ಲ ಹೋಗುತ್ತವೆ. ಅದರ ಆಚೆಗಿನ ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳಿಗೆ ಗುಡ್ಡದ ಕಾಲುದಾರಿಯಲ್ಲಿ ನಡೆಯಬೇಕು, ಇಲ್ಲವೇ ದೋಣಿ ಹಿಡಿಯಬೇಕು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಳಗೆ ಬಂಡೆಗಳಿಗೆ ಅಪ್ಪಳಿಸುವ ಸಮುದ್ರ. ಕೆಲವು ಕಡೆ ದಾರಿ ಒಬ್ಬರೇ ಹೋಗುವಷ್ಟು ಅಗಲ. ಈ ದಾರಿ ನಡೆದು ತಲುಪಿದ ಮೇಲೆ ಸಿಗುವುದು ಪುಟ್ಟ ಮರಳಿನ ದಂಡೆ, ಹಿಂದೆ ಗುಡ್ಡ, ಮುಂದೆ ಕಡಲು. ಲೈಟಿನ ಕಂಬವಿಲ್ಲ, ನಲ್ಲಿ ಇಲ್ಲ, ಶೌಚಾಲಯ ಇಲ್ಲ. ನಮಗೆ ಬೇಕಾಗಿದ್ದೂ ಅದೇ.

ನೀರಿನ ಲೆಕ್ಕದಲ್ಲೇ ಮೊದಲು ಎಡವಿದೆವು. ಕುಡಿಯಲು, ಅಡುಗೆಗೆ, ಮುಖ ತೊಳೆಯಲು ಎಂದು ತಲೆಗೆ ನಾಲ್ಕು ಲೀಟರ್ ಹಿಡಿದರೂ ಐದು ಜನಕ್ಕೆ ಇಪ್ಪತ್ತು ಲೀಟರ್, ಅಂದರೆ ಇಪ್ಪತ್ತು ಕೆ.ಜಿ. ಹೊರುವ ಮಾತು ಬಂದಾಗ ಎಲ್ಲರಿಗೂ ದಾಹ ಕಡಿಮೆಯಾಯಿತು. ಹತ್ತು ಬಾಟಲಿ ಸಾಕು ಎಂದೆವು. ಸಂಜೆ ಏಳಕ್ಕೆ ಉಳಿದದ್ದು ಮೂರು. ಆಗ ನಮ್ಮಲ್ಲೊಬ್ಬ ಸಮುದ್ರದ ನೀರಿನಲ್ಲೇ ನೂಡಲ್ಸ್ ಕುದಿಸಿದ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೆವು. ಅದರ ಅರ್ಥ ಗೊತ್ತಾದದ್ದು ಆವತ್ತು. ನಾಯಿಯೂ ಮೂಸಲಿಲ್ಲ.

ಟೆಂಟಿನ ಮೊಳೆಗಳೂ ಮರಳಿನಲ್ಲಿ ನಿಲ್ಲಲಿಲ್ಲ. ನಾನು ಸಿವಿಲ್ ಓದುವವನು, ಒಣ ಮರಳಿಗೆ ಅಂಟುಗುಣವಿಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು! ಕೊನೆಗೆ ಕ್ಯಾರಿಬ್ಯಾಗ್‌ಗಳಲ್ಲಿ ಮರಳು ತುಂಬಿ, ಹಗ್ಗ ಕಟ್ಟಿ, ಹೂತು ನಿಲ್ಲಿಸಿದೆವು. ದೂರದಲ್ಲಿ ಬಂಡೆಯ ಮೇಲೆ ಬೀಸುಬಲೆ ಹಿಡಿದು ನಿಂತಿದ್ದ ಹಿರಿಯರೊಬ್ಬರು ನೋಡುತ್ತಿದ್ದರು. ವಾಪಸ್ ಹೋಗುವಾಗ ನಮ್ಮ ಹತ್ತಿರ ಬಂದು, ‘ತಮಾ, ಮೇಲೆ ಹಾಕ್ರ. ಇವತ್ತು ಹುಣ್ಣಿಮಿ ಅಲ್ವ, ನೀರು ಇಲ್ಲಿವರೆಗೂ ಬತ್ತದೆ’ ಎಂದರು. ನಾವು ‘ಹೂಂ ಅಣ್ಣಾ’ ಎಂದೆವು. ಮತ್ತೆ ಬಿಚ್ಚಿ ಕಟ್ಟುವ ಸೋಮಾರಿತನ. ನೀರು ಎಲ್ಲೋ ಮೂವತ್ತು ಹೆಜ್ಜೆ ದೂರದಲ್ಲಿತ್ತು.

ಚಂದ್ರನೂ ಬೇಗ ಕಾಣಲಿಲ್ಲ. ದಂಡೆ ಪಶ್ಚಿಮಕ್ಕೆ, ಹುಣ್ಣಿಮೆ ಚಂದ್ರ ಹುಟ್ಟುವುದು ಪೂರ್ವಕ್ಕೆ, ನಡುವೆ ಗುಡ್ಡ. ಅದು ಮೇಲೆ ಬರುವ ಹೊತ್ತಿಗೆ ಹಾಡು, ಫೋಟೊ ಎಲ್ಲ ಮುಗಿಸಿ ಮಲಗಿದ್ದೆವು. ಹನ್ನೊಂದರ ಸುಮಾರಿಗೆ ಪಕ್ಕದ ಟೆಂಟಿನಿಂದ ‘ಲೇ ಏಳ್ರಲೇ, ಒಳಗ ನೀರ ಬಂತು!’ ಎಂಬ ಕೂಗು. ಎದ್ದು ಕೂತರೆ ನನ್ನ ಬೆಡ್‌ಶೀಟೂ ಒದ್ದೆ. ಎರಡನೇ ಅಲೆಗೆ ಒಂದು ಟೆಂಟು ಮಗ್ಗುಲಾಯಿತು. ಒಳಗಿದ್ದ ಗೆಳೆಯನಿಗೆ ಕತ್ತಲಲ್ಲಿ ಜಿಪ್ ಸಿಗಲಿಲ್ಲ. ಹೊರಗಿನಿಂದ ನಾವು ಎಳೆಯುವಷ್ಟರಲ್ಲಿ ಮೂರನೇ ಅಲೆ ಬಂತು. ಎಲ್ಲ ಸೇರಿ ಅರ್ಧ ನಿಮಿಷ ಆಗಿರಬಹುದು. ಅವನಿಗೆ ಈಜು ಬರುವುದಿಲ್ಲ. ಹೊರಬಂದವನು ಗುಡ್ಡದ ಬುಡಕ್ಕೆ ಹೋಗಿ ಕೂತ, ಬೆಳಗಿನವರೆಗೂ ಮಾತನಾಡಲಿಲ್ಲ. ನಮ್ಮ ಮನೆಯಲ್ಲಿ ಈ ಭಾಗ ಇನ್ನೂ ಹೇಳಿಲ್ಲ. ಈ ಪುಟ ಅವ್ವನ ಕೈಗೆ ಸಿಕ್ಕರೆ ಅವತ್ತೇ ಹೇಳಿದಂತಾಗುತ್ತದೆ.

ಇದರಲ್ಲಿ ಸಮುದ್ರದ ತಪ್ಪೇನೂ ಇಲ್ಲ. ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬರುವ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಹನ್ನೆರಡೂ ಕಾಲು ಗಂಟೆಗಿಂತ ತುಸು ಹೆಚ್ಚು. ನಮ್ಮ ಕರಾವಳಿಯ ಉಬ್ಬರದ ವೇಳೆಯನ್ನು ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆ ಮೊದಲೇ ಲೆಕ್ಕ ಹಾಕಿ ಪ್ರಕಟಿಸುತ್ತದೆ, ಮೊಬೈಲಿನಲ್ಲೇ ನೋಡಬಹುದು. ಅದೂ ಬೇಡ, ದಂಡೆಯ ಮೇಲೆ ಒಣ ಕಸಕಡ್ಡಿ, ಚಿಪ್ಪುಗಳ ಒಂದು ಗೆರೆ ಇರುತ್ತದೆ. ಹಿಂದಿನ ಉಬ್ಬರ ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಅದೇ ಗುರುತು. ನಾವು ಟೆಂಟ್ ಹಾಕಿದ್ದು ಆ ಗೆರೆಯಿಂದ ಕೆಳಗೆ.

ಬೆಳಿಗ್ಗೆ ಕಂಡದ್ದು ಇನ್ನೊಂದು. ರಾತ್ರಿ ಊಟವಾದ ಮೇಲೆ ನೂಡಲ್ಸ್ ಕವರ್, ಬಾಟಲಿ, ಪೇಪರ್ ತಟ್ಟೆ ಎಲ್ಲವನ್ನೂ ಮೊಣಕಾಲುದ್ದ ಗುಂಡಿ ತೋಡಿ ಹೂತಿದ್ದೆವು. ಬೀಚಿನಲ್ಲಿ ಕಸ ಬಿಸಾಡದ ಶಿಸ್ತಿನ ಹುಡುಗರು ನಾವು ಎಂದು ಹೆಮ್ಮೆಯಿಂದ ಅದರ ವಿಡಿಯೊ ಕೂಡ ಮಾಡಿದ್ದೆವು. ಉಬ್ಬರ ಆ ಗುಂಡಿಯನ್ನು ಬಗೆದು ಎಲ್ಲ ಹೊರಗೆ ಹಾಕಿತ್ತು. ನಮ್ಮದರ ಜೊತೆಗೆ ನಮಗಿಂತ ಮೊದಲು ಯಾರೋ ಹೂತಿದ್ದ ಬಿಯರ್ ಬಾಟಲಿ, ಚಿಪ್ಸ್ ಕವರ್, ಒಂದು ಮಗುವಿನ ಡೈಪರ್. ನಾವು ಮಲಗಿದ್ದದ್ದು ಅದರ ಮೇಲೆಯೇ. ಎರಡು ಚೀಲ ತುಂಬಿಕೊಂಡೆವು. ಮರಳು ತುಂಬಿದ್ದ ನಮ್ಮ ಎಂಟು ಕ್ಯಾರಿಬ್ಯಾಗ್‌ಗಳಲ್ಲಿ ಸಿಕ್ಕದ್ದು ಮೂರು. ಉಳಿದ ಐದು ಈಗ ಎಲ್ಲಿವೆಯೋ.

ಊರಿಗೆ ಬಂದು ಈ ಕಥೆ ಹೇಳಿದರೆ ಎರಡು ಥರದ ಉತ್ತರ ಬಂತು. ದೊಡ್ಡವರು, ‘ಇದಕ್ಕೇ ಅಂಥ ಕಡೆ ಟೆಂಟ್ ಹಾಕುವುದನ್ನೇ ಬಂದ್ ಮಾಡಬೇಕು’ ಎಂದರು. ಗೆಳೆಯರಲ್ಲಿ ಹೆಚ್ಚಿನವರು, ‘ಅಲ್ಲಿಗೊಂದು ರಸ್ತೆ ಮಾಡಿ, ಅಂಗಡಿ, ಬಾತ್‌ರೂಮ್ ಹಾಕಿಸಿದರೆ ಮುಗಿಯಿತಲ್ಲ’ ಎಂದರು. ಎರಡನ್ನೂ ನಾನು ಒಪ್ಪುವುದಿಲ್ಲ.

ರಸ್ತೆ ಮಾಡಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಶನಿವಾರ ಸಂಜೆ ಓಂ ಬೀಚ್‌ನ ಪಾರ್ಕಿಂಗ್ ನೋಡಿದರೆ ಸಾಕು. ವಾಹನ ಹೋಗುವ ಕಡೆ ಹೋಟೆಲ್ ಬರುತ್ತದೆ, ಹೋಟೆಲ್ ಬಂದ ಕಡೆ ರೇಟು ಏರುತ್ತದೆ. ಮತ್ತೆ ನಮ್ಮಂಥವರಿಗೆ ಅಲ್ಲಿ ಜಾಗವಿಲ್ಲ. ಈಗಲೇ ದಂಡೆಯ ಪಕ್ಕದ ಖಾಸಗಿ ಜಾಗಗಳಲ್ಲಿ ಸಾಲಾಗಿ ಟೆಂಟ್ ಹಾಕಿ, ಬಣ್ಣದ ಲೈಟು, ಡಿಜೆ, ಬಫೆ ಎಂದು ಪ್ಯಾಕೇಜ್ ಮಾರುವವರಿದ್ದಾರೆ. ಟೆಂಟಿನೊಳಗೆ ಮಂಚ, ಮಂಚದ ಪಕ್ಕ ಟೇಬಲ್ ಫ್ಯಾನು. ಅದನ್ನು ಬಟ್ಟೆಯ ಲಾಡ್ಜ್ ಎನ್ನಬಹುದು, ಕ್ಯಾಂಪಿಂಗ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಬಂದ್ ಮಾಡುವ ಮಾತು. ಟೆಂಟ್ ಹಾಕಬಹುದೇ ಎಂದು ಹೋಗುವ ಮುಂಚೆ ನಾವು ನಾಲ್ಕು ಜನರನ್ನು ಕೇಳಿದ್ದೆವು. ಒಬ್ಬರು ಹಾಕಬಹುದು ಎಂದರು, ಇನ್ನೊಬ್ಬರು ಹಾಕಿದರೆ ಎಬ್ಬಿಸುತ್ತಾರೆ ಎಂದರು, ಮತ್ತೊಬ್ಬರು ಕೇಳಲು ಹೋಗಬೇಡಿ, ಸುಮ್ಮನೆ ಹಾಕಿ ಎಂದರು. ನಾಲ್ಕನೆಯವರು ನಕ್ಕರು. ಇಂಥ ಗೊಂದಲದಲ್ಲಿ ಹುಡುಗರು ಏನು ಮಾಡುತ್ತಾರೆ? ಕತ್ತಲಾದ ಮೇಲೆ ಹೋಗುತ್ತಾರೆ, ಯಾರಿಗೂ ಹೇಳದೆ ಹೋಗುತ್ತಾರೆ. ನಾವು ಅಲ್ಲಿದ್ದೇವೆ ಎಂಬುದು ಆ ರಾತ್ರಿ ಬಲೆ ಬೀಸುವ ಆ ಹಿರಿಯರ ಹೊರತು ಯಾರಿಗೂ ಗೊತ್ತಿರಲಿಲ್ಲ. ಮೊಬೈಲಿಗೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಆ ಅರ್ಧ ನಿಮಿಷ ಐದು ನಿಮಿಷವಾಗಿದ್ದರೆ ಯಾರನ್ನು ಕರೆಯುತ್ತಿದ್ದೆವು?

ನಾನು ಕೇಳುವುದು ಇಷ್ಟು. ನಡೆದೇ ಹೋಗಬೇಕಾದ ದಂಡೆ ಹಾಗೆಯೇ ಇರಲಿ. ಆದರೆ ರಾತ್ರಿಗೆ ಇಷ್ಟೇ ಟೆಂಟು ಎಂದು ಲೆಕ್ಕವಿರಲಿ. ಜಾಗ ಗುರುತು ಮಾಡಿ, ಹೆಸರು, ಫೋನ್ ನಂಬರ್ ಬರೆಸಿಕೊಂಡು, ನೂರೋ ಇನ್ನೂರೋ ರೂಪಾಯಿ ಶುಲ್ಕ ತೆಗೆದುಕೊಂಡು ಪರ್ಮಿಟ್ ಕೊಡಿ. ಇದೇನು ಹೊಸ ಕಲ್ಪನೆ ಅಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಾತ್ರೆ ಸೇರಿದ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಂತಿಷ್ಟೇ ಜನ ಎಂದು ಮಿತಿ ಹಾಕಿತು. ಬೆಟ್ಟಕ್ಕೆ ಆಗುವುದಾದರೆ ಬೀಚಿಗೆ ಯಾಕಾಗದು? ಹವಾಯಿಯ ಕವಾಯಿ ದ್ವೀಪದಲ್ಲಿ ಕಲಲಾವು ಎಂಬ ದಂಡೆಯಿದೆ. ರಸ್ತೆಯಿಲ್ಲ, ಸುಮಾರು 18 ಕಿಲೊಮೀಟರ್ ಕಡಲ ಅಂಚಿನ ಬೆಟ್ಟದಲ್ಲಿ ನಡೆಯಬೇಕು. ಅಲ್ಲಿ ಟೆಂಟ್ ಹಾಕಲು ರಾತ್ರಿಗೆ 60 ಜನಕ್ಕೆ ಮಾತ್ರ ಪರ್ಮಿಟ್. ನೀರು ಬೇಡದ ಕಾಂಪೋಸ್ಟ್ ಶೌಚಾಲಯ ಇಟ್ಟಿದ್ದಾರೆ, ಹೋಟೆಲ್ ಇಟ್ಟಿಲ್ಲ.

ಶೌಚಾಲಯದ ವಿಷಯವನ್ನು ಇಂಥ ಪ್ರವಾಸದ ಬರಹಗಳಲ್ಲಿ ಯಾರೂ ಬರೆಯುವುದಿಲ್ಲ, ಸೂರ್ಯಾಸ್ತ ಮಾತ್ರ ಬರೆಯುತ್ತಾರೆ. ನಾವು ಐದು ಹುಡುಗರು ಬಂಡೆಯ ಮರೆಗೆ ಹೋಗಿ ಬಂದೆವು. ಮೂವತ್ತು ಜನ ಹಾಗೆ ಮಾಡಿದರೆ ಆ ಮರೆಯ ಗತಿ ಏನು? ನಾವು ಹೋದಾಗಲೇ ಅಲ್ಲಿ ಕಾಲಿಡುವಂತಿರಲಿಲ್ಲ. ಎರಡು ಗುಂಡಿ ಶೌಚಾಲಯ, ಉಬ್ಬರದ ಗೆರೆಯಿಂದ ಸಾಕಷ್ಟು ಮೇಲೆ, ಒರತೆ ನೀರಿನಿಂದ ದೂರ. ಇದಕ್ಕೆ ರಸ್ತೆ ಬೇಕಿಲ್ಲ, ಕರೆಂಟೂ ಬೇಕಿಲ್ಲ.

ಕಸಕ್ಕೂ ದಾರಿಯಿದೆ. ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದುಕೊಟ್ಟರೆ ಆ ಹತ್ತು ರೂಪಾಯಿ ವಾಪಸ್ ಕೊಡುತ್ತಾರೆ. ಓಂ ಬೀಚ್‌ನಲ್ಲಿ ಗುಡ್ಡ ಹತ್ತುವ ಮುನ್ನ ನಮ್ಮ ಬ್ಯಾಗಿನ ಬಾಟಲಿ, ಕವರ್ ಎಣಿಸಿ ಐನೂರು ರೂಪಾಯಿ ಠೇವಣಿ ಇಟ್ಟುಕೊಳ್ಳಲಿ. ಅಷ್ಟನ್ನೂ ವಾಪಸ್ ತಂದರೆ ದುಡ್ಡು ಕೊಡಲಿ. ವಿದ್ಯಾರ್ಥಿಗಳಿಗೆ ಪರಿಸರ ಪ್ರೇಮಕ್ಕಿಂತ ಐನೂರು ರೂಪಾಯಿಯ ನೆನಪು ಚೆನ್ನಾಗಿರುತ್ತದೆ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ಆ ಎಣಿಸುವ ಕೆಲಸ, ಎಲ್ಲಿ ಟೆಂಟ್ ಹಾಕಬೇಕು ಎಂದು ತೋರಿಸುವ ಕೆಲಸ ಅಲ್ಲಿನವರಿಗೇ ಸಿಗಲಿ. ಪುಕ್ಕಟೆಯಾಗಿ ಹೇಳಿದ ಹಿರಿಯರ ಮಾತನ್ನು ನಾವು ಕೇಳಲಿಲ್ಲ. ಅವರ ಕೈಯಲ್ಲಿ ರಸೀದಿ ಪುಸ್ತಕ ಇದ್ದಿದ್ದರೆ ತಕ್ಷಣ ಕೇಳುತ್ತಿದ್ದೆವು. ನಮ್ಮ ಬುದ್ಧಿಯೇ ಹಾಗೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಇನ್ನೂ ಗಟ್ಟಿ ಉತ್ತರವಿಲ್ಲ. ಉತ್ತರ ಕನ್ನಡದ ದಂಡೆಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬರುವುದು ಹೆಚ್ಚಾಗಿ ರಾತ್ರಿ, ಮೊಟ್ಟೆಯಿಡುವುದು ಉಬ್ಬರ ತಲುಪದ ಒಣ ಮರಳಿನಲ್ಲಿ. ಅಂದರೆ ನಾವು ಟೆಂಟ್ ಹಾಕಬೇಕಾಗಿದ್ದ ಸುರಕ್ಷಿತ ಜಾಗವೇ ಆಮೆಗೂ ಬೇಕಾದ ಜಾಗ. ಸುಮಾರು ಒಂದೂವರೆ, ಎರಡು ತಿಂಗಳಲ್ಲಿ ಹೊರಬರುವ ಮರಿಗಳು ಬೆಳಕಿರುವ ಕಡೆ ಹೋಗುತ್ತವೆ. ಬೇರೇನೂ ಬೆಳಕಿಲ್ಲದಿದ್ದರೆ ಅದು ಸಮುದ್ರದ ಕಡೆ. ನಾವು ಕಟ್ಟಿಗೆ ಉರಿಸಿ ಕೂತಿದ್ದರೆ ನಮ್ಮ ಕಡೆ. ಕಾನೂನು ಪ್ರಕಾರ ಹುಲಿಗೆ ಇರುವ ರಕ್ಷಣೆಯೇ ಈ ಆಮೆಗೂ ಇದೆ. ಹಾಗಾಗಿ ಟೆಂಟಿನ ಜಾಗ ಮರಳಿನ ಮೇಲೆ ಬೇಡ, ಗುಡ್ಡದ ಬುಡದ ಗಟ್ಟಿ ನೆಲದಲ್ಲಿ ಇರಲಿ, ಬೆಂಕಿ ಪೂರ್ತಿ ಬೇಡ ಎಂದು ನನಗನಿಸುತ್ತದೆ. ಮೊಟ್ಟೆ ಕಂಡ ದಂಡೆಯನ್ನು ಆ ತಿಂಗಳುಗಳಲ್ಲಿ ಮುಚ್ಚಬೇಕಾದೀತು. ಆಗ ನಮ್ಮ ಡಿಸೆಂಬರ್ ರಜೆಯೇ ಹೋಗುತ್ತದೆ. ಹೋದರೆ ಹೋಗಲಿ ಎಂದು ಬರೆಯಲು ಸುಲಭ. ನಮ್ಮ ಹಾಸ್ಟೆಲ್‌ನಲ್ಲಿ ಹೇಳಿ ನೋಡಿದೆ, ಇಬ್ಬರು ಒಪ್ಪಿದರು, ಉಳಿದವರು ಲೈಟ್ ಆರಿಸಿ ಮಲಗಿದರು.

ನನ್ನ ತಂಗಿ ಪಿಯುಸಿ ಎರಡನೇ ವರ್ಷ. ನಮ್ಮ ಫೋಟೊ ನೋಡಿ, ‘ಅಣ್ಣಾ, ನಾವೂ ನಾಲ್ಕು ಮಂದಿ ಗೆಳತ್ಯಾರು ಹೋಗಬಹುದೇನು?’ ಎಂದು ಕೇಳಿದಳು. ನಾನು ದಾರಿ ಹೇಳಲು ಶುರು ಮಾಡಿದೆ. ಅವಳು ಮಧ್ಯದಲ್ಲೇ ತಡೆದು ಮೂರು ಪ್ರಶ್ನೆ ಕೇಳಿದಳು. ಬಾತ್‌ರೂಮ್ ಎಲ್ಲಿದೆ? ರಾತ್ರಿ ಯಾರಾದರೂ ಕುಡಿದು ಬಂದರೆ ಯಾರಿಗೆ ಹೇಳಬೇಕು? ನಾವು ಅಲ್ಲಿದ್ದೇವೆ ಎಂದು ಎಲ್ಲಾದರೂ ಬರೆದಿಟ್ಟಿರುತ್ತಾರಾ? ಮೂರಕ್ಕೂ ನನ್ನ ಬಳಿ ಉತ್ತರ ಇರಲಿಲ್ಲ. ‘ಹಂಗಾರ ಅದು ನಿಮ್ಮ ಬೀಚ್ ಬಿಡು’ ಎಂದು ಫೋನ್ ವಾಪಸ್ ಕೊಟ್ಟಳು.

ಪರೀಕ್ಷೆ ಮುಗಿದ ಮೇಲೆ ಅವಳನ್ನೂ ಗೆಳತಿಯರನ್ನೂ ಗೋಕರ್ಣಕ್ಕೆ ಕರೆದುಕೊಂಡು ಹೋಗುವುದು ಎಂದು ಮನೆಯಲ್ಲಿ ಮಾತಾಗಿದೆ. ಸದ್ಯಕ್ಕೆ ಓಂ ಬೀಚ್‌ವರೆಗೆ ಮಾತ್ರ, ಸಂಜೆ ಬಸ್ಸಿಗೆ ವಾಪಸ್.